ಮೊದಲ ಮಿಸ್ ಇಂಡಿಯಾ ಯಾರು? ಮೂರು ಹೆಸರು, ಮೂರೂ ಸರಿ

ಪ್ರಶ್ನೆ: ನಮ್ಮ ಕಾಲೇಜಿನ ರಸಪ್ರಶ್ನೆ ಸ್ಪರ್ಧೆಗೆ ಪ್ರಶ್ನೆಗಳನ್ನು ಸಿದ್ಧಪಡಿಸುತ್ತಿದ್ದೇನೆ. ‘ಮೊದಲ ಮಿಸ್ ಇಂಡಿಯಾ ಯಾರು’ ಎಂದು ಹುಡುಕಿದರೆ ಒಂದು ಕಡೆ ಪ್ರಮೀಳಾ, 1947 ಎಂದಿದೆ. ಇನ್ನೊಂದು ಕಡೆ ಇಂದ್ರಾಣಿ ರೆಹಮಾನ್, 1952. ಮತ್ತೊಂದು ಕಡೆ ಮೆಹರ್ ಕ್ಯಾಸ್ಟೆಲಿನೊ, 1964. ಯಾವುದನ್ನು ಇಟ್ಟುಕೊಳ್ಳಲಿ? ಐಶ್ವರ್ಯಾ ರೈ ಮಿಸ್ ಇಂಡಿಯಾ ಗೆದ್ದೇ ಇರಲಿಲ್ಲ ಅನ್ನುತ್ತಾರೆ, ಹಾಗಿದ್ದರೆ ವಿಶ್ವ ಸುಂದರಿ ಸ್ಪರ್ಧೆಗೆ ಹೋದದ್ದು ಹೇಗೆ? ನಮ್ಮ ಕರಾವಳಿಯ ಶ್ರೀನಿಧಿ ಶೆಟ್ಟಿ, ಸಿನಿ ಶೆಟ್ಟಿ ಇಬ್ಬರನ್ನೂ ‘ಮಿಸ್ ಇಂಡಿಯಾ’ ಎಂದು ಬರೆಯಬಹುದೇ?

ಉತ್ತರ: ಮೂರು ಹೆಸರೂ ಸರಿ. ತಪ್ಪಿರುವುದು ಪ್ರಶ್ನೆಯಲ್ಲಿ. ‘ಮಿಸ್ ಇಂಡಿಯಾ’ ಎಂಬುದು ಪದ್ಮಶ್ರೀಯ ಹಾಗೆ ಸರ್ಕಾರ ಕೊಡುವ ಬಿರುದಲ್ಲ. ಅದಕ್ಕೆ ಇಲಾಖೆಯಿಲ್ಲ, ಗೆಜೆಟ್ ಇಲ್ಲ, 1947ರಿಂದ ಇವತ್ತಿನವರೆಗೆ ಒಬ್ಬರೇ ಇಟ್ಟುಕೊಂಡು ಬಂದ ದಾಖಲೆ ಪುಸ್ತಕವೂ ಇಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಸಂಘಟಕರು ಸ್ಪರ್ಧೆ ನಡೆಸಿ ಗೆದ್ದವರಿಗೆ ಅದೇ ಹೆಸರಿನ ಕಿರೀಟ ತೊಡಿಸಿದ್ದಾರೆ. ಅವರಲ್ಲಿ ಯಾರ ಕಿರೀಟಕ್ಕೆ ದೇಶದ ಹೊರಗೆ ಬೆಲೆ ಸಿಕ್ಕಿತು ಅನ್ನುವುದನ್ನು ತೀರ್ಮಾನಿಸಿದ್ದು ಒಂದೇ ಸಂಗತಿ: ಅಂತರರಾಷ್ಟ್ರೀಯ ಸ್ಪರ್ಧೆಗೆ ಭಾರತದಿಂದ ಒಬ್ಬರನ್ನು ಕಳಿಸುವ ಹಕ್ಕು ಆ ವರ್ಷ ಯಾರ ಕೈಯಲ್ಲಿತ್ತು ಎಂಬುದು. ಆ ಹಕ್ಕು ಯಾವಾಗ ಯಾರ ಬಳಿ ಇತ್ತು ಎಂದು ನೋಡುತ್ತಾ ಹೋದರೆ ಪಟ್ಟಿಗಳ ನಡುವಿನ ಜಗಳ ಬಹುಪಾಲು ತೀರುತ್ತದೆ.

ಮೊದಲು 1947. ಪ್ರಮೀಳಾ ಎಂಬುದು ಚಿತ್ರರಂಗದ ಹೆಸರು. ಹುಟ್ಟು ಹೆಸರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ಕೋಲ್ಕತ್ತದ ಬಾಗ್ದಾದಿ ಯಹೂದಿ ಕುಟುಂಬದವರು. ಮೂವತ್ತರ ದಶಕದಿಂದಲೇ ಹಿಂದಿ ಚಿತ್ರಗಳಲ್ಲಿ ನಟಿಸುತ್ತಿದ್ದರು, ಆಮೇಲೆ ನಿರ್ಮಾಪಕಿಯೂ ಆದರು. ಕಿರೀಟ ಸಿಕ್ಕಾಗ ವಯಸ್ಸು ಮೂವತ್ತು. ಅಷ್ಟರಲ್ಲಾಗಲೇ ಹೆಸರು ಮಾಡಿದ್ದ ನಟಿ. ಆಗ ವಿಶ್ವ ಸುಂದರಿ (ಮಿಸ್ ವರ್ಲ್ಡ್) ಸ್ಪರ್ಧೆಯೂ ಇರಲಿಲ್ಲ, ಭುವನ ಸುಂದರಿ (ಮಿಸ್ ಯೂನಿವರ್ಸ್) ಸ್ಪರ್ಧೆಯೂ ಇರಲಿಲ್ಲ. ಆದ್ದರಿಂದ ಆ ಪಟ್ಟ ಎಲ್ಲಿಗೂ ಕಳಿಸುವ ಪಟ್ಟವಲ್ಲ. ಅವರ ಮಗಳು ನಖೀ ಜಹಾನ್ 1967ರಲ್ಲಿ ಈವ್ಸ್ ವೀಕ್ಲಿ ಪತ್ರಿಕೆಯ ಮಿಸ್ ಇಂಡಿಯಾ ಆದರು. ತಾಯಿ ಮಗಳು ಇಬ್ಬರಿಗೂ ಈ ಹೆಸರಿನ ಕಿರೀಟ ಸಿಕ್ಕ ಉದಾಹರಣೆ ಇದೊಂದೇ. ರಸಪ್ರಶ್ನೆಗೆ ಇದು ಒಳ್ಳೆಯ ಸರಕು. ಆದರೆ ಗಮನಿಸಿ: ತಾಯಿ ಗೆದ್ದ ಸ್ಪರ್ಧೆಯೂ ಮಗಳು ಗೆದ್ದ ಸ್ಪರ್ಧೆಯೂ ಒಂದೇ ಅಲ್ಲ.

ಇನ್ನು 1952. ಅಂತರರಾಷ್ಟ್ರೀಯ ಸ್ಪರ್ಧೆಗಳು ಆಗಷ್ಟೇ ಹುಟ್ಟಿದ್ದವು. ವಿಶ್ವ ಸುಂದರಿ 1951ರಲ್ಲಿ ಲಂಡನ್ನಿನಲ್ಲಿ ಎರಿಕ್ ಮಾರ್ಲಿ ಶುರುಮಾಡಿದ್ದು, ಮೂಲದಲ್ಲಿ ಬಿಕಿನಿ ಸ್ಪರ್ಧೆ. ಭುವನ ಸುಂದರಿ ಹುಟ್ಟಿದ್ದು ಒಂದು ಮುನಿಸಿನಿಂದ. ಅಮೆರಿಕದಲ್ಲಿ ಮಿಸ್ ಅಮೆರಿಕ ಆಗಿದ್ದ ಯೊಲಾಂಡ್ ಬೆಟ್ಬೀಝ್ ಈಜುಡುಗೆಯಲ್ಲಿ ಪ್ರಚಾರಕ್ಕೆ ನಿಲ್ಲುವುದಿಲ್ಲ ಎಂದರು. ಪ್ರಾಯೋಜಕರಾಗಿದ್ದ ಕ್ಯಾಟಲಿನಾ ಎಂಬ ಈಜುಡುಗೆ ಕಂಪನಿ ಹೊರಬಂದು 1952ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ತನ್ನದೇ ಸ್ಪರ್ಧೆ ನಡೆಸಿತು. ಈ ಸ್ಪರ್ಧೆಗಳಲ್ಲಿ ಈಜುಡುಗೆಯ ಸುತ್ತು ಅಷ್ಟು ಗಟ್ಟಿಯಾಗಿ ಕೂತದ್ದು ಏಕೆ ಎಂದು ಕೇಳುವವರಿಗೆ ಇದೇ ಉತ್ತರ. ಅದು ಆಮೇಲೆ ಸೇರಿಸಿದ ಸುತ್ತಲ್ಲ, ಬಂಡವಾಳ ಹಾಕಿದವರ ಸರಕೇ ಅದು.

ಆ ಮೊದಲ ಭುವನ ಸುಂದರಿ ಸ್ಪರ್ಧೆಗೇ ಭಾರತದಿಂದ ಹೋದವರು ಇಂದ್ರಾಣಿ ರೆಹಮಾನ್. ಮದ್ರಾಸಿನಲ್ಲಿ ಹುಟ್ಟಿದವರು, ಅಮೆರಿಕದಲ್ಲಿ ಹುಟ್ಟಿ ಭಾರತೀಯ ನೃತ್ಯವನ್ನೇ ಬದುಕು ಮಾಡಿಕೊಂಡಿದ್ದ ರಾಗಿಣಿ ದೇವಿಯ ಮಗಳು, ವಾಸ್ತುಶಿಲ್ಪಿ ಹಬೀಬ್ ರೆಹಮಾನ್ ಅವರ ಪತ್ನಿ, ಆ ಹೊತ್ತಿಗೆ ಒಂದು ಮಗುವಿನ ತಾಯಿ. ಭರತನಾಟ್ಯ, ಕೂಚಿಪುಡಿ, ಒಡಿಸ್ಸಿಗಳನ್ನು ಹೊರದೇಶದ ವೇದಿಕೆಗೆ ಒಯ್ದವರಲ್ಲಿ ಅವರ ಹೆಸರು ದೊಡ್ಡದು. ಕಿರೀಟ ಅವರ ಬದುಕಿನಲ್ಲಿ ಒಂದು ಅಡಿಟಿಪ್ಪಣಿ ಅಷ್ಟೆ. ಮದುವೆಯಾದವರು, ಮಕ್ಕಳಿರುವವರು ಸ್ಪರ್ಧಿಸುವಂತಿಲ್ಲ ಎಂಬ ನಿಯಮ ಭುವನ ಸುಂದರಿಯಲ್ಲಿ ಆಮೇಲೆ ದಶಕಗಟ್ಟಲೆ ಇತ್ತು. ಅದನ್ನು ತೆಗೆದದ್ದು 2023ರ ಸ್ಪರ್ಧೆಯಿಂದ. ಅದಕ್ಕೆ ಪತ್ರಿಕೆಗಳು ಕ್ರಾಂತಿ ಎಂದು ಬರೆದವು. ಭಾರತದ ಮೊದಲ ಸ್ಪರ್ಧಿಯೇ ತಾಯಿಯಾಗಿದ್ದರು ಎಂಬುದು ಹೆಚ್ಚಿನವರಿಗೆ ನೆನಪಾಗಲಿಲ್ಲ.

1952ರ ಸಾಲಿನಲ್ಲಿ ನಟಿ ನೂತನ್ ಹೆಸರನ್ನೂ ನೀವು ಕಂಡಿರುತ್ತೀರಿ. ಒಂದೇ ವರ್ಷಕ್ಕೆ ಇಬ್ಬರು ‘ಮಿಸ್ ಇಂಡಿಯಾ’ ಕಂಡರೆ ಗಾಬರಿ ಬೇಡ, ಆ ದಶಕದಲ್ಲಿ ಅದು ಸಹಜ. ಹೊರದೇಶಕ್ಕೆ ಹೋದವರು ಯಾರು ಎಂದು ನೋಡಿ, ಆ ಹೆಸರನ್ನು ರಸಪ್ರಶ್ನೆಗೆ ಇಟ್ಟುಕೊಳ್ಳಿ.

ಮೂರನೆಯದು 1964. ಟೈಮ್ಸ್ ಬಳಗ 1959ರಲ್ಲಿ ಫೆಮಿನಾ ಎಂಬ ಮಹಿಳಾ ಪತ್ರಿಕೆ ತಂದಿತು. ಐದು ವರ್ಷಕ್ಕೆ ಅದರ ಹೆಸರಿನಲ್ಲೇ ಸ್ಪರ್ಧೆ ಶುರುವಾಯಿತು. ಮೊದಲ ಫೆಮಿನಾ ಮಿಸ್ ಇಂಡಿಯಾ ಮೆಹರ್ ಕ್ಯಾಸ್ಟೆಲಿನೊ ಮಿಸ್ತ್ರಿ. ಇಂದ್ರಾಣಿಯ ನಂತರ ಭುವನ ಸುಂದರಿಗೆ ಭಾರತದಿಂದ ಮತ್ತೊಬ್ಬರು ಹೋದದ್ದು ಆ ವರ್ಷವೇ. ಮೆಹರ್ ಆಮೇಲೆ ಫ್ಯಾಷನ್ ಪತ್ರಕರ್ತೆಯಾಗಿ ದೀರ್ಘಕಾಲ ಬರೆದರು. ಇವತ್ತು ಟಿವಿಯಲ್ಲಿ ‘ಮಿಸ್ ಇಂಡಿಯಾ’ ಎಂದಾಗ ನಮ್ಮ ಕಣ್ಣಿಗೆ ಬರುವ ಸ್ಪರ್ಧೆಯ ಮೊದಲ ವರ್ಷ ಯಾವುದು ಎಂದರೆ ಅದು 1964.

ಆದರೆ ಆಗ ಫೆಮಿನಾ ಒಂದೇ ಇರಲಿಲ್ಲ. ಈವ್ಸ್ ವೀಕ್ಲಿ ಎಂಬ ಇನ್ನೊಂದು ಮಹಿಳಾ ಪತ್ರಿಕೆಯೂ ಮಿಸ್ ಇಂಡಿಯಾ ಸ್ಪರ್ಧೆ ನಡೆಸುತ್ತಿತ್ತು, ಅದರ ಕಿರೀಟ ತೊಟ್ಟವರು ಲಂಡನ್ನಿನ ವಿಶ್ವ ಸುಂದರಿಗೆ ಹೋಗುತ್ತಿದ್ದರು. 1966ನೇ ಇಸವಿಯೊಂದನ್ನು ಹತ್ತಿರದಿಂದ ನೋಡಿದರೆ ಇಡೀ ವ್ಯವಸ್ಥೆ ಅರ್ಥವಾಗುತ್ತದೆ. ಆ ವರ್ಷದ ಫೆಮಿನಾ ಮಿಸ್ ಇಂಡಿಯಾ ಯಾಸ್ಮಿನ್ ದಾಜಿ. ಭುವನ ಸುಂದರಿಗೆ ಹೋಗಿ ಮೂರನೆಯ ರನ್ನರ್ ಅಪ್ ಆದರು. ಅದೇ ವರ್ಷದ ಈವ್ಸ್ ವೀಕ್ಲಿ ಮಿಸ್ ಇಂಡಿಯಾ ರೀಟಾ ಫರಿಯಾ; ನವೆಂಬರ್ 17ರಂದು ಲಂಡನ್ನಿನಲ್ಲಿ ವಿಶ್ವ ಸುಂದರಿಯಾದರು, ಏಷ್ಯಾದಿಂದಲೇ ಮೊದಲಿಗರು. ಗೋವಾ ಮೂಲದ ಮುಂಬೈ ಹುಡುಗಿ, ಗ್ರಾಂಟ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿ. ಸೀರೆಯೂ ಈಜುಡುಗೆಯೂ ಬೇರೆಯವರಿಂದ ಎರವಲು ತಂದವು. ಈಜುಡುಗೆ ಕೊಟ್ಟವರು ಹಿಂದಿನ ವರ್ಷದ ಫೆಮಿನಾ ವಿಜೇತೆ ಪರ್ಸಿಸ್ ಖಂಬಾಟಾ. ಅಂದರೆ ಎರಡು ಪತ್ರಿಕೆಗಳ ನಡುವೆ ಪೈಪೋಟಿ ಇದ್ದರೂ ಹುಡುಗಿಯರ ನಡುವೆ ಕೊಡುಕೊಳ್ಳುವಿಕೆ ನಡೆದೇ ಇತ್ತು. ವರ್ಷದ ಅವಧಿ ಮುಗಿದ ಮೇಲೆ ರೀಟಾ ಸಿನಿಮಾ ಕಡೆ ತಿರುಗಿ ನೋಡದೆ ವೈದ್ಯಕೀಯಕ್ಕೇ ಮರಳಿ, ಲಂಡನ್ನಿನಲ್ಲಿ ಓದು ಮುಂದುವರಿಸಿ, ಐರ್ಲೆಂಡಿನಲ್ಲಿ ನೆಲೆಸಿದರು.

ಆದ್ದರಿಂದ ‘1966ರ ಮಿಸ್ ಇಂಡಿಯಾ ಯಾರು’ ಎಂದು ಬರಿದೇ ಕೇಳಿದರೆ ಎರಡು ಸರಿ ಉತ್ತರ ಬರುತ್ತವೆ. ರೀಟಾ ಅವರನ್ನು ‘ಫೆಮಿನಾ ಮಿಸ್ ಇಂಡಿಯಾ’ ಎಂದು ಬರೆದ ಪಟ್ಟಿ ಕಂಡರೆ, ಆ ಪಟ್ಟಿಯಲ್ಲಿ ಉಳಿದದ್ದನ್ನೂ ಅನುಮಾನದಿಂದಲೇ ಓದಿ. ಪಟ್ಟಿಯ ಗುಣ ತಿಳಿಯಲು ಇದೊಂದು ಸಾಲು ಸಾಕು.

ಎಪ್ಪತ್ತು, ಎಂಬತ್ತರ ದಶಕಗಳನ್ನು ಬೇಗ ದಾಟಬಹುದು. 1970ರಲ್ಲಿ ಫೆಮಿನಾ ಸ್ಪರ್ಧೆಯ ಎರಡನೆಯ ರನ್ನರ್ ಅಪ್ ಜೀನತ್ ಅಮಾನ್ ಮನಿಲಾದಲ್ಲಿ ಮಿಸ್ ಏಷ್ಯಾ ಪೆಸಿಫಿಕ್ ಗೆದ್ದರು. 1980ರಲ್ಲಿ ಸಂಗೀತಾ ಬಿಜಲಾನಿ, 1984ರಲ್ಲಿ ಜೂಹಿ ಚಾವ್ಲಾ ಭುವನ ಸುಂದರಿಗೆ ಹೋದರು. ಸ್ಪರ್ಧೆ ಸಿನಿಮಾದ ಬಾಗಿಲಾದದ್ದು ಈ ಕಾಲದಲ್ಲಿ. ಅಂತರರಾಷ್ಟ್ರೀಯ ಕಿರೀಟಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಈವ್ಸ್ ವೀಕ್ಲಿಯ ಕಾಲ ಮುಗಿಯಿತು. ತೊಂಬತ್ತರ ದಶಕದ ಆರಂಭಕ್ಕೆ ಭುವನ ಸುಂದರಿ, ವಿಶ್ವ ಸುಂದರಿ ಎರಡಕ್ಕೂ ಕಳಿಸುವ ಹಕ್ಕು ಫೆಮಿನಾ ಕೈಗೆ ಬಂತು. ನಿಮ್ಮ ಐಶ್ವರ್ಯಾ ರೈ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಎರಡು ಹಕ್ಕು, ಸ್ಪರ್ಧೆ ಒಂದೇ. ಆಗಿನ ಪದ್ಧತಿಯಂತೆ ಗೆದ್ದವರು ಭುವನ ಸುಂದರಿಗೆ, ಎರಡನೆಯವರು ವಿಶ್ವ ಸುಂದರಿಗೆ. 1994ರ ಅಂತಿಮ ಸುತ್ತು ಗೋವಾದಲ್ಲಿ. ಐಶ್ವರ್ಯಾ ಆಗಲೇ ಜಾಹೀರಾತುಗಳಿಂದ ಮನೆಮಾತು; ಗೆಲ್ಲುವುದು ಅವರೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರಿಗೂ ಸುಷ್ಮಿತಾ ಸೇನ್ ಅವರಿಗೂ ಅಂಕಗಳು ಸಮವಾದವು. ನಿರ್ಣಯಕ್ಕೆ ಇಬ್ಬರಿಗೂ ಒಂದೊಂದು ಹೆಚ್ಚುವರಿ ಪ್ರಶ್ನೆ. ಸುಷ್ಮಿತಾ ಸೇನ್ ಅವರಿಗೆ ಬಂದದ್ದು ಭಾರತದ ಜವಳಿ ಪರಂಪರೆಯ ಬಗ್ಗೆ. ಅವರು ಗಾಂಧೀಜಿಯ ಖಾದಿಯಿಂದ ಮಾತು ಶುರುಮಾಡಿದರು, ಕಿರೀಟ ಅವರದಾಯಿತು. ಆ ರಾತ್ರಿ ತೊಟ್ಟ ಗೌನು ಹೊಲಿದವರು ದೆಹಲಿಯಲ್ಲಿ ಮನೆ ಹತ್ತಿರದ ಸಾಧಾರಣ ದರ್ಜಿ, ಕೈಗವಸು ಮಾಡಿದ್ದು ಹೊಸ ಕಾಲುಚೀಲ ಕತ್ತರಿಸಿ ಎಂದು ಸುಷ್ಮಿತಾ ಆಮೇಲೆ ಟಿವಿ ಸಂದರ್ಶನದಲ್ಲಿ ಹೇಳಿದ್ದಾರೆ. ಮೇ 21ರಂದು ಮನಿಲಾದಲ್ಲಿ ಸುಷ್ಮಿತಾ ಭಾರತದ ಮೊದಲ ಭುವನ ಸುಂದರಿ. ನವೆಂಬರ್ 19ರಂದು ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಮಂಗಳೂರು ಮೂಲದ ಐಶ್ವರ್ಯಾ ವಿಶ್ವ ಸುಂದರಿ. ಹಾಗಾಗಿ ‘ಮಿಸ್ ಇಂಡಿಯಾ ಸೋತು ವಿಶ್ವ ಸುಂದರಿಯಾದರು’ ಎಂಬ ಮಾತು ಅರ್ಧ ನಿಜ. ಅವರು ಮೊದಲ ರನ್ನರ್ ಅಪ್, ಆ ಸ್ಥಾನಕ್ಕೇ ವಿಶ್ವ ಸುಂದರಿಯ ಟಿಕೆಟ್ ಕಟ್ಟಿತ್ತು.

ಈ ಜೋಡಿ ಗೆಲುವಿನ ಮೇಲೆ ಸ್ಪರ್ಧೆ ಉದ್ಯಮವಾಯಿತು. 1994ಕ್ಕೆ ಮೊದಲೂ ಫಲಿತಾಂಶ ಹತ್ತಿರ ಬಂದಿತ್ತು: 1992ರಲ್ಲಿ ಬ್ಯಾಂಕಾಕ್‌ನ ಭುವನ ಸುಂದರಿ ಸ್ಪರ್ಧೆಯಲ್ಲಿ ಮಧು ಸಪ್ರೆ ಕೊನೆಯ ಮೂವರಲ್ಲಿದ್ದರು. ದೇಶದ ನಾಯಕಿಯಾದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದಾಗ ಕ್ರೀಡಾಂಗಣ ಕಟ್ಟಿಸುತ್ತೇನೆ ಎಂದರು. ಮೂರನೆಯ ಸ್ಥಾನ ಸಿಕ್ಕಿತು. ಅವರು ಸ್ವತಃ ಕ್ರೀಡಾಪಟು, ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದರು. ಬಡತನ, ಶಿಕ್ಷಣ ಎಂದು ಸಿದ್ಧ ಉತ್ತರ ಕೊಟ್ಟಿದ್ದರೆ ಅಂಕ ಬರುತ್ತಿತ್ತೇನೋ. ಇಂಥ ಉತ್ತರಗಳು ಮತ್ತೆ ಬಾರದಂತೆ ತರಬೇತಿ ಬಿಗಿಯಾಯಿತು: ಉಚ್ಚಾರಣೆ, ಮಾತಿಗೆ ಸಬೀರಾ ಮರ್ಚೆಂಟ್, ವ್ಯಾಯಾಮಕ್ಕೆ ಮಿಕ್ಕಿ ಮೆಹ್ತಾ, ಚರ್ಮ, ಹಲ್ಲು, ಆಹಾರಕ್ಕೆ ಬೇರೆ ಬೇರೆ ತಜ್ಞರು. 1997ರಲ್ಲಿ ಡಯಾನಾ ಹೇಡನ್, 1999ರಲ್ಲಿ ಯುಕ್ತಾ ಮುಖಿ ವಿಶ್ವ ಸುಂದರಿಯಾದರು. 2000ದಲ್ಲಿ ಒಂದೇ ರಾಷ್ಟ್ರೀಯ ಸ್ಪರ್ಧೆಯಿಂದ ಹೋದ ಮೂವರೂ ಗೆದ್ದರು: ಲಾರಾ ದತ್ತ ಭುವನ ಸುಂದರಿ, ಪ್ರಿಯಾಂಕಾ ಚೋಪ್ರಾ ವಿಶ್ವ ಸುಂದರಿ, ದಿಯಾ ಮಿರ್ಜಾ ಮಿಸ್ ಏಷ್ಯಾ ಪೆಸಿಫಿಕ್. ಆ ಹೊತ್ತಿಗೆ ರನ್ನರ್ ಅಪ್ ಎಂಬ ಪದ ಬಿಟ್ಟು ಹೋಗಿ, ಮೂವರಿಗೂ ಫೆಮಿನಾ ಮಿಸ್ ಇಂಡಿಯಾ ಯೂನಿವರ್ಸ್, ವರ್ಲ್ಡ್, ಏಷ್ಯಾ ಪೆಸಿಫಿಕ್ ಎಂದು ಬೇರೆ ಬೇರೆ ಕಿರೀಟ ಬಂದಿತ್ತು. ಆ ಕಾಲದ ಪ್ರಶ್ನೆಗಳಲ್ಲಿ ‘2000ದ ಮಿಸ್ ಇಂಡಿಯಾ ಯಾರು’ ಎಂದರೆ ಮೂರು ಉತ್ತರ.

ಈ ನಡುವೆ 1996 ಬಂತು, ಅದು ನಮ್ಮ ಊರಿನ ಕಥೆ. ವಿಶ್ವ ಸುಂದರಿ ಸ್ಪರ್ಧೆ ಭಾರತಕ್ಕೆ ಮೊದಲ ಬಾರಿ ಬಂದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ, ನವೆಂಬರ್ 23ರಂದು. ನಡೆಸಿದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ, ಮುಖ್ಯಮಂತ್ರಿ ಜೆ.ಎಚ್. ಪಟೇಲ್, ಸ್ಪರ್ಧಿಗಳು 88. ವಿರೋಧ ಎರಡು ಕಡೆಯಿಂದ ಬಂತು: ಸಂಸ್ಕೃತಿ ಕೆಡುತ್ತದೆ ಎಂದವರು ಒಂದು ಕಡೆ, ಹೆಣ್ಣನ್ನೂ ದೇಶವನ್ನೂ ಮಾರುಕಟ್ಟೆಗೆ ಇಡುತ್ತಿದ್ದಾರೆ ಎಂದ ಮಹಿಳಾ ಸಂಘಟನೆಗಳು ಮತ್ತು ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಇನ್ನೊಂದು ಕಡೆ. ಎರಡನ್ನೂ ಒಂದೇ ಗುಂಪು ಎಂದು ಬರೆಯುವುದು ತಪ್ಪು. ಮದುರೈಯಲ್ಲಿ ಯುವಕನೊಬ್ಬ ಪ್ರತಿಭಟಿಸಿ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಗಳಿಗೆ ಸಾಗಿಸಿದರು. ಉಳಿದದ್ದು ಸಾವಿರಾರು ಪೊಲೀಸರ ಕಾವಲಿನಲ್ಲಿ ನಡೆದು ಗ್ರೀಸಿನ ಐರೀನ್ ಸ್ಕ್ಲಿವಾ ಗೆದ್ದರು. ಭಾರತದಿಂದ ನಿಂತಿದ್ದ ಬೆಂಗಳೂರಿನ ರಾಣಿ ಜಯರಾಜ್ ಕೊನೆಯ ಐವರಲ್ಲಿ ಬಂದರು. ಇಲ್ಲಿ ರಸಪ್ರಶ್ನೆಯವರು ಎಡವುವ ಜಾಗ ಒಂದಿದೆ: ಬೆಂಗಳೂರಿನಲ್ಲಿ ನಡೆದದ್ದು ಮಿಸ್ ಇಂಡಿಯಾ ಅಲ್ಲ, ವಿಶ್ವ ಸುಂದರಿ. ಅಂದಹಾಗೆ ವಿಶ್ವ ಸುಂದರಿ ಸಂಸ್ಥೆ ಈಜುಡುಗೆಯ ಸುತ್ತನ್ನು ಪೂರ್ತಿ ಕೈಬಿಟ್ಟದ್ದನ್ನು ಪ್ರಕಟಿಸಿದ್ದು 2014ರ ಕೊನೆಗೆ.

2010ರಿಂದ ಹಕ್ಕುಗಳು ಮತ್ತೆ ಚದುರಿದವು, ಗೊಂದಲವೂ ಮರಳಿತು. ಆ ವರ್ಷದಿಂದ 2012ರವರೆಗೆ ಭುವನ ಸುಂದರಿಗೆ ಕಳಿಸಿದ್ದು ಸುಷ್ಮಿತಾ ಸೇನ್ ಅವರ ‘ಐ ಆಮ್ ಶೀ’ ಸ್ಪರ್ಧೆ. 2013ರಲ್ಲಿ ಹಕ್ಕು ಟೈಮ್ಸ್ ಬಳಗಕ್ಕೆ ಮರಳಿತು, ಆದರೆ ಹಳೆಯ ಸ್ಪರ್ಧೆಗೆ ಸೇರಲಿಲ್ಲ. ‘ಮಿಸ್ ದಿವಾ’ ಎಂಬ ಬೇರೆಯದೇ ಸ್ಪರ್ಧೆ ಮಾಡಿದರು. 2021ರ ಡಿಸೆಂಬರ್‌ನಲ್ಲಿ ಇಸ್ರೇಲಿನ ಐಲಾತ್‌ನಲ್ಲಿ ಭುವನ ಸುಂದರಿಯಾದ ಹರ್ನಾಜ್ ಸಂಧು ಬಂದದ್ದು ಮಿಸ್ ದಿವಾದಿಂದ. 2024ರಿಂದ ಭುವನ ಸುಂದರಿಯ ಹಕ್ಕು ಗ್ಲಾಮಾನಂದ್ ಬಳಗದ ಕೈಯಲ್ಲಿದೆ, ಸ್ಪರ್ಧೆಯ ಹೆಸರು ‘ಮಿಸ್ ಯೂನಿವರ್ಸ್ ಇಂಡಿಯಾ’. 2024ರಲ್ಲಿ ರಿಯಾ ಸಿಂಘಾ, 2025ರಲ್ಲಿ ಮಣಿಕಾ ವಿಶ್ವಕರ್ಮ, ಇಬ್ಬರಿಗೂ ಕಿರೀಟ ಜೈಪುರದಲ್ಲಿ. ಫೆಮಿನಾ ಮಿಸ್ ಇಂಡಿಯಾ ಬಳಿ ಉಳಿದ ದೊಡ್ಡ ಹಕ್ಕು ವಿಶ್ವ ಸುಂದರಿಯದು. 2017ರಲ್ಲಿ ಚೀನಾದ ಸಾನ್ಯಾದಲ್ಲಿ ಗೆದ್ದ ಮಾನುಷಿ ಚಿಲ್ಲರ್ ಆ ದಾರಿಯಲ್ಲಿ ಹೋದವರು. ಅಲ್ಲಿಗೆ ಭಾರತದ ಲೆಕ್ಕ ವಿಶ್ವ ಸುಂದರಿ 6, ಭುವನ ಸುಂದರಿ 3.

ಮಾನುಷಿಯ ವರ್ಷದಿಂದಲೇ ಫೆಮಿನಾ ಆಯ್ಕೆಯ ಕ್ರಮ ಬದಲಾಯಿತು. ಮೊದಲು ಅರ್ಜಿ ಹಾಕಿದ ಎಲ್ಲರಲ್ಲಿ ಸೋಸಿ ಸೋಸಿ ಅಂತಿಮ ಪಟ್ಟಿ ಮಾಡುತ್ತಿದ್ದರು. ಮಹಾನಗರದವರೇ ಹೆಚ್ಚು ಬರುತ್ತಿದ್ದರು. 2017ರಿಂದ ರಾಜ್ಯಕ್ಕೊಬ್ಬರು. ಆನ್‌ಲೈನ್ ಅರ್ಜಿ, ರಾಜ್ಯ ಮಟ್ಟದ ಆಡಿಷನ್, ರಾಜ್ಯ ವಿಜೇತೆಯರಿಗೆ ತರಬೇತಿ, ನಡುವೆ ಪ್ರತಿಭೆ, ಕ್ರೀಡೆ, ಸಮಾಜಸೇವೆಯ ಉಪಸ್ಪರ್ಧೆಗಳು, ಆಮೇಲೆ ಅಂತಿಮ ರಾತ್ರಿ. ಉಪಸ್ಪರ್ಧೆಗಳು ವಿಶ್ವ ಸುಂದರಿಯ ಅಚ್ಚಿನಲ್ಲೇ ಇವೆ, ಏಕೆಂದರೆ ಅಲ್ಲಿ ಅವನ್ನು ಗೆದ್ದರೆ ಮುಂದಿನ ಸುತ್ತಿಗೆ ಹತ್ತಿರವಾಗಬಹುದು. ಎತ್ತರದ ಕನಿಷ್ಠ ಮಿತಿ ಮೊದಲು 5 ಅಡಿ 5 ಇಂಚು ಇದ್ದದ್ದು 2020ರ ಆವೃತ್ತಿಯಿಂದ 5 ಅಡಿ 3 ಇಂಚಿಗೆ ಇಳಿಯಿತು.

ಗೆದ್ದ ಮೇಲೂ ಕಿರೀಟ ಕೈತಪ್ಪಬಹುದು. ಹಾಗಾದಾಗ ಕಾರಣ ಸಾಮಾನ್ಯವಾಗಿ ರೂಪವಲ್ಲ, ಕಾಗದ. 2012ರಲ್ಲಿ ‘ಐ ಆಮ್ ಶೀ’ ಗೆದ್ದದ್ದು ಊರ್ವಶಿ ರೌಟೇಲಾ. ಭುವನ ಸುಂದರಿಯ ನಿಯಮದಂತೆ ಸ್ಪರ್ಧೆಯ ವರ್ಷದ ಫೆಬ್ರವರಿ 1ಕ್ಕೆ 18 ತುಂಬಿರಬೇಕು. ಅವರ ಜನ್ಮದಿನ 1994ರ ಫೆಬ್ರವರಿ 25. ಇಪ್ಪತ್ನಾಲ್ಕು ದಿನ ಕಡಿಮೆ. ಶಿಲ್ಪಾ ಸಿಂಗ್ ಹೋದರು. ಊರ್ವಶಿ ಮತ್ತೆ ಸ್ಪರ್ಧಿಸಿ 2015ರಲ್ಲಿ ಹೋದರು. ವಿಶ್ವ ಸುಂದರಿಯ ಕಡೆಯೂ 2004ರಲ್ಲಿ ವಿಜೇತೆಯೊಬ್ಬರ ವೈವಾಹಿಕ ಸ್ಥಿತಿಯ ಬಗ್ಗೆ ಪ್ರಶ್ನೆ ಎದ್ದು ಅವರು ಕಿರೀಟ ಬಿಟ್ಟುಕೊಟ್ಟರು, ಸಾಯಲಿ ಭಗತ್ ಹೋದರು. ಇಂಥ ವರ್ಷಗಳಲ್ಲಿ ‘ಗೆದ್ದವರು’ ಮತ್ತು ‘ಹೋದವರು’ ಬೇರೆ ಬೇರೆ. ಪಟ್ಟಿಯಲ್ಲಿ ಎರಡು ಅಂಕಣ ಇಲ್ಲದಿದ್ದರೆ ತಪ್ಪು ಖಂಡಿತ.

ಇಸವಿಯ ತೊಡಕು ಇನ್ನೂ ಹೆಚ್ಚು. ಮಾನಸಾ ವಾರಾಣಸಿ ‘ಫೆಮಿನಾ ಮಿಸ್ ಇಂಡಿಯಾ 2020’. ಕಿರೀಟ ಸಿಕ್ಕಿದ್ದು 2021ರ ಫೆಬ್ರವರಿ 10ರಂದು. ಸ್ಪರ್ಧಿಸಿದ್ದು ‘ವಿಶ್ವ ಸುಂದರಿ 2021’ರಲ್ಲಿ. ಅದರ ಅಂತಿಮ ಸುತ್ತು ಕೋವಿಡ್‌ನಿಂದ ಮುಂದಕ್ಕೆ ಹೋಗಿ ನಡೆದದ್ದು 2022ರ ಮಾರ್ಚ್ 16ರಂದು ಪೋರ್ಟೊ ರಿಕೊದಲ್ಲಿ. ಮೂರು ಇಸವಿ, ಮೂರೂ ಸರಿ. ನಂದಿನಿ ಗುಪ್ತಾ 2023ರ ಏಪ್ರಿಲ್‌ನಲ್ಲಿ ಇಂಫಾಲದಲ್ಲಿ ಗೆದ್ದು, ಹೈದರಾಬಾದಿನ 72ನೇ ವಿಶ್ವ ಸುಂದರಿಗೆ ನಿಂತದ್ದು 2025ರ ಮೇ ತಿಂಗಳಲ್ಲಿ. ಈಚಿನ ವರ್ಷಗಳಿಗೆ ಇಸವಿಯ ಬದಲು ‘71ನೇ’, ‘72ನೇ’ ಎಂದು ಬರೆಯುವುದೇ ಕ್ಷೇಮ.

ಇನ್ನು ಶೆಟ್ಟಿಯರಿಬ್ಬರು. ಸಿನಿ ಶೆಟ್ಟಿ ಮುಂಬೈಯಲ್ಲಿ ಹುಟ್ಟಿದವರು, ಮೂಲ ನಮ್ಮ ಕರಾವಳಿ, ಭರತನಾಟ್ಯ ಕಲಿತವರು. ಕರ್ನಾಟಕದ ಪರವಾಗಿ ನಿಂತು 2022ರ ಜುಲೈ 3ರಂದು ಫೆಮಿನಾ ಮಿಸ್ ಇಂಡಿಯಾ ಗೆದ್ದರು. 2024ರ ಮಾರ್ಚ್ 9ರಂದು ಮುಂಬೈಯಲ್ಲೇ ನಡೆದ 71ನೇ ವಿಶ್ವ ಸುಂದರಿಯಲ್ಲಿ ಕೊನೆಯ ಎಂಟರವರೆಗೆ ಬಂದರು. ಅವರನ್ನು ಮಿಸ್ ಇಂಡಿಯಾ ಎಂದು ಬರೆಯಲು ಅಡ್ಡಿಯಿಲ್ಲ. ಮಂಗಳೂರು ಕಡೆಯ ನಟಿ ಶ್ರೀನಿಧಿ ಶೆಟ್ಟಿ ಬಂದದ್ದು ಮಿಸ್ ದಿವಾ ದಾರಿಯಲ್ಲಿ: ಮಿಸ್ ದಿವಾ ಸುಪ್ರಾನ್ಯಾಷನಲ್ 2016. ಅದೇ ಡಿಸೆಂಬರ್‌ನಲ್ಲಿ ಪೋಲೆಂಡಿನಲ್ಲಿ ಮಿಸ್ ಸುಪ್ರಾನ್ಯಾಷನಲ್ ಎಂಬ ಅಂತರರಾಷ್ಟ್ರೀಯ ಕಿರೀಟ ಗೆದ್ದರು. ಎರಡು ವರ್ಷ ಮೊದಲು, 2014ರಲ್ಲಿ, ಅದೇ ಕಿರೀಟವನ್ನು ಭಾರತಕ್ಕೆ ಮೊದಲು ತಂದವರು ಭದ್ರಾವತಿಯ ಆಶಾ ಭಟ್. ಇವರಿಬ್ಬರ ಹೆಸರಿನ ಮುಂದೆ ‘ಮಿಸ್ ಇಂಡಿಯಾ’ ಬರೆಯಬೇಡಿ. ‘ಮಿಸ್ ಸುಪ್ರಾನ್ಯಾಷನಲ್’ ಎಂದೇ ಬರೆಯಿರಿ, ಅದು ದೇಶದೊಳಗಿನ ಕಿರೀಟಕ್ಕಿಂತ ದೊಡ್ಡದೇ. ಬೆಂಗಳೂರಿನ ನಿಕೋಲ್ ಫರಿಯಾ ಮಾತ್ರ ಎರಡೂ ಬಿರುದಿನವರು: ಫೆಮಿನಾ ಮಿಸ್ ಇಂಡಿಯಾ ಅರ್ತ್ 2010, ಅದೇ ವರ್ಷ ವಿಯೆಟ್ನಾಮಿನಲ್ಲಿ ಮಿಸ್ ಅರ್ತ್, ಆ ಕಿರೀಟದಲ್ಲಿ ಭಾರತದ ಮೊದಲಿಗರು.

ನಿಮ್ಮ ಪ್ರಶ್ನೆಪತ್ರಿಕೆಗೆ ಬರೋಣ. ‘ಮೊದಲ ಮಿಸ್ ಇಂಡಿಯಾ ಯಾರು’ ಎಂಬುದನ್ನು ತೆಗೆದು ಈ ಮೂರರಲ್ಲಿ ಒಂದನ್ನು ಹಾಕಿ: 1947ರಲ್ಲಿ ಮಿಸ್ ಇಂಡಿಯಾ ಪಟ್ಟ ಪಡೆದ ನಟಿ ಯಾರು? 1952ರ ಮೊದಲ ಭುವನ ಸುಂದರಿ ಸ್ಪರ್ಧೆಯಲ್ಲಿ ಭಾರತದ ಸ್ಪರ್ಧಿ ಯಾರು? ಮೊದಲ ಫೆಮಿನಾ ಮಿಸ್ ಇಂಡಿಯಾ ಯಾರು? ಒಂದೊಂದಕ್ಕೂ ಒಂದೇ ಉತ್ತರ. ಐಶ್ವರ್ಯಾ ರೈ ಬಗ್ಗೆ ಕೇಳುವುದಿದ್ದರೆ ‘1994ರ ಫೆಮಿನಾ ಮಿಸ್ ಇಂಡಿಯಾ ಸ್ಪರ್ಧೆಯ ಮೊದಲ ರನ್ನರ್ ಅಪ್ ಯಾರು’ ಎಂದು ಕೇಳಿ. ಅರ್ಧದಷ್ಟು ತಂಡಗಳು ಸುಷ್ಮಿತಾ ಎಂದೇ ಬರೆದುಕೊಡುತ್ತವೆ.